ಬಿಟ್ಟ ಸ್ಥಳವನ್ನು ತುಂಬದೆ ಬಿಟ್ಟವರು

ನಮ್ಮ ನಾಡಿನಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರೆಲ್ಲರೂ ಬಾಲ್ಯದಲ್ಲಿಯೇ ಒಂದು ಪಾಠವನ್ನು ಕಲಿತಿರುತ್ತಾರೆ. ಪ್ರಶ್ನಪತ್ರಿಕೆಯಲ್ಲಿ ಚುಕ್ಕಿಗಳ ಸಾಲು ಕಂಡರೆ ಅಲ್ಲಿ ಏನನ್ನಾದರೂ ಬರೆಯಬೇಕು. ಬಿಟ್ಟ ಸ್ಥಳವನ್ನು ತುಂಬಿರೆಂಬ ಆ ಅಪ್ಪಣೆ ನಮ್ಮ ಮನಸ್ಸಿನಲ್ಲಿ ಆಳವಾಗಿ ಬೇರೂರಿದೆ. ಉತ್ತರ ತಿಳಿಯದಿದ್ದರೂ ಖಾಲಿ ಬಿಡಬಾರದು, ಅಂದಾಜಿನಿಂದಲಾದರೂ ತುಂಬಿ ಬಂದರೆ ಒಂದು ಅಂಕ ಸಿಕ್ಕರೂ ಸಿಕ್ಕೀತು ಎಂದು ಉಪಾಧ್ಯಾಯರೇ ಹೇಳಿಕೊಡುವುದುಂಟು. ನಾನೂ ಹೇಳಿಕೊಟ್ಟಿದ್ದೇನೆ. ಆದರೆ ಚುಕ್ಕಿಗಳಿಗೆ ಇನ್ನೊಂದು ಕೆಲಸವೂ ಉಂಟು. ಅವು ತುಂಬೆಂದು ಕರೆಯುವುದಿಲ್ಲ, ತುಂಬಬೇಡವೆಂದು ಕೈ ಹಿಡಿದು ತಡೆಯುತ್ತವೆ. ಈ ಎರಡನೆಯ ಪಾಠವನ್ನು ನನಗೆ ಕಲಿಸಿದವರು ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಗತಿಸಿದ ಬೆಂಜಮಿನ್ ಲೂಯಿಸ್ ರೈಸ್ ಅವರು. ಕಲಿತದ್ದು ನಾನೊಂದು ತಪ್ಪು ಮಾಡಿದ ಮೇಲೆ. ಆದುದರಿಂದ ಮೊದಲು ಆ ತಪ್ಪನ್ನು ಹೇಳಿಕೊಂಡು, ಅನಂತರ ಅವರ ಜೀವನದ ಕಥೆಗೆ ಬರುತ್ತೇನೆ.

ವರ್ಗಾವಣೆಯ ಕೃಪೆಯಿಂದ ನಾನು ಚನ್ನಗಿರಿ, ಹೊನ್ನಾಳಿ, ಜಗಳೂರು ಈ ಮೂರು ಊರುಗಳಲ್ಲಿಯೂ ಪಾಠ ಹೇಳಿದವನು. ಹೊನ್ನಾಳಿಯಲ್ಲಿದ್ದಾಗ, ನ್ಯಾಮತಿಯ ಕಡೆಯ ಒಂದು ಹಳ್ಳಿಯಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬನು ತಮ್ಮೂರಿನ ದೇವಸ್ಥಾನದ ಹಿಂದೆ ಬರಹವಿರುವ ವೀರಗಲ್ಲೊಂದು ನಿಂತಿದೆಯೆಂದು ತಿಳಿಸಿದನು. ಕೆಲಸಕ್ಕೆ ಸೇರಿದ ಹೊಸತು; ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಮುಂದಿನ ಭಾನುವಾರವೇ ಹೋಗಿ ಕಲ್ಲನ್ನು ತೊಳೆದು ಬರಹವನ್ನು ಎತ್ತಿಕೊಂಡೆ. ತುರುಗಳನ್ನು ಬಿಡಿಸಲು ಹೋರಾಡಿ ಮಡಿದವನೊಬ್ಬನ ನೆನಪಿನ ಕಲ್ಲು ಅದು. ವೀರನ ಹೆಸರು ಇರಬೇಕಾದ ಕಡೆಯಲ್ಲಿಯೇ ಕಲ್ಲು ಚಕ್ಕೆಯೆದ್ದು ಮೂರು ಅಕ್ಷರಗಳಷ್ಟು ಜಾಗ ಹಾಳಾಗಿತ್ತು. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಆ ವೀರನು ತಮ್ಮ ಮನೆತನದ ಮೂಲಪುರುಷನೆಂದು ಹೆಸರು ಹೇಳಿದರು. ಹೆಸರಿನಲ್ಲಿಯೂ ಮೂರೇ ಅಕ್ಷರ! ನನಗೆ ಅಷ್ಟು ಸಾಕಾಯಿತು. ಆ ಹೆಸರನ್ನು ಸಾಲಿನಲ್ಲಿ ಸೇರಿಸಿ, ಸೇರಿಸಿದ್ದೇನೆಂಬುದಕ್ಕೆ ಗುರುತನ್ನೂ ಹಾಕದೆ, ಲೇಖನ ಬರೆದು ಒಂದು ಸಂಚಿಕೆಯಲ್ಲಿ ಅಚ್ಚು ಹಾಕಿಸಿದೆ.

ಕೆಲವು ವರ್ಷಗಳ ಮೇಲೆ ರೈಸ್ ಅವರ ಶಾಸನಸಂಪುಟವನ್ನು ತಿರುವಿಹಾಕುತ್ತಿದ್ದಾಗ ಅದೇ ಕಲ್ಲಿನ ಬರಹ ಕಣ್ಣಿಗೆ ಬಿತ್ತು. ನಾನು ಹೆಸರು ತುಂಬಿದ್ದ ಕಡೆಯಲ್ಲಿ ಅವರು ಚುಕ್ಕಿಗಳನ್ನು ಇಟ್ಟಿದ್ದರು. ಒಂದು ಶತಮಾನದ ಹಿಂದೆ, ಕಲ್ಲು ಇನ್ನೂ ಅಷ್ಟು ಸವೆದಿರದಿದ್ದಾಗಲೇ, ಅವರ ಕಣ್ಣಿಗೆ ಕಾಣದಿದ್ದುದು ನನಗೆ ಹೇಗೆ ಕಂಡಿತು?

ಶಾಸನಪಿತಾಮಹರೆಂದು ಕನ್ನಡಿಗರು ಗೌರವದಿಂದ ಕರೆಯುವ ರೈಸ್ ಅವರು ಜನಿಸಿದ್ದು 1837ರ ಜುಲೈ 17ರಂದು, ಬೆಂಗಳೂರಿನಲ್ಲಿ. ತಂದೆ ಲಂಡನ್ ಮಿಷನ್ ಸಂಸ್ಥೆಯ ಪಾದ್ರಿಗಳು. ಕನ್ನಡವನ್ನು ಚೆನ್ನಾಗಿ ಬಲ್ಲವರು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚು ಆ ತಂದೆಯ ಹೆಸರಿನದು. ಮನೆಯ ಒಳಗೆ ಇಂಗ್ಲಿಷು, ಹೊರಗೆ ಕನ್ನಡ. ಹೀಗೆ ಬೆಳೆದ ಬಾಲಕನಿಗೆ ನಮ್ಮ ನುಡಿ ಪುಸ್ತಕದಿಂದ ಬಂದುದಲ್ಲ. ತಮ್ಮನಾದ ಎಡ್ವರ್ಡ್ ಪೀಟರ್ ರೈಸ್ ಅವರು ಮುಂದೆ 1915ರಲ್ಲಿ ಕನ್ನಡ ಸಾಹಿತ್ಯದ ಚರಿತ್ರೆಯೊಂದನ್ನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದರೆಂಬುದನ್ನು ನೆನೆದರೆ, ಆ ಮನೆಯ ವಾತಾವರಣ ಎಂಥದಿದ್ದಿತೆಂಬುದನ್ನು ಊಹಿಸಬಹುದು.

ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೋದ ರೈಸ್ ಅವರು 1860ರಲ್ಲಿ ಹಿಂದಿರುಗಿ ಬೆಂಗಳೂರು ಹೈಸ್ಕೂಲಿನ ಮುಖ್ಯಾಧ್ಯಾಪಕರಾದರು. ಆ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜಾಯಿತು. 1865ರಲ್ಲಿ ಮೈಸೂರು ಮತ್ತು ಕೊಡಗು ಸೀಮೆಗಳ ಶಾಲೆಗಳ ಇನ್ಸ್‌ಪೆಕ್ಟರ್ ಪದವಿ ದೊರೆಯಿತು. 1868ರಲ್ಲಿ ವಿದ್ಯಾ ಇಲಾಖೆಯ ನಿರ್ದೇಶಕರ ಸ್ಥಾನದಲ್ಲಿ ಕೆಲಸ ಮಾಡುತ್ತಿದ್ದಾಗ, ಹೋಬಳಿಗೊಂದು ಶಾಲೆಯಿರಬೇಕೆಂಬ ಯೋಜನೆಯನ್ನು ಜಾರಿಗೆ ತಂದರು. ಪಟ್ಟಣಗಳಲ್ಲಿಯೇ ನಿಂತಿದ್ದ ವಿದ್ಯೆ ಹಳ್ಳಿಗಾಡಿಗೆ ಕಾಲಿಟ್ಟದ್ದು ಇಂಥ ಯೋಜನೆಗಳಿಂದ. 1882ರಲ್ಲಿ ಹಂಟರ್ ಅವರ ಅಧ್ಯಕ್ಷತೆಯಲ್ಲಿ ಭಾರತದ ವಿದ್ಯಾಭ್ಯಾಸವನ್ನು ಕುರಿತು ಆಯೋಗ ನೇಮಕವಾದಾಗ ಅದರ ಕಾರ್ಯದರ್ಶಿಯಾಗಿ ಆರಿಸಲ್ಪಟ್ಟವರೂ ರೈಸ್ ಅವರೇ.

ಶಾಲೆಗಳ ತನಿಖೆಗೆಂದು ಊರೂರು ತಿರುಗುವವನಿಗೆ ಮೈಸೂರು ಸೀಮೆಯಲ್ಲಿ ಶಾಲೆಗಿಂತ ಮೊದಲು ಕಾಣುವುದು ಕಲ್ಲು. ಊರಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಮುಂದೆ, ಹೊಲದ ಬದುವಿನಲ್ಲಿ ಬರಹವುಳ್ಳ ಕಲ್ಲುಗಳು ನಿಂತಿವೆ. ಜನರು ಅವಕ್ಕೆ ಎಣ್ಣೆ ಹಚ್ಚಿ ಪೂಜೆ ಮಾಡುತ್ತಿದ್ದರೇ ಹೊರತು ಓದುತ್ತಿರಲಿಲ್ಲ. ಹಳಗನ್ನಡದ ಲಿಪಿ ಮರೆತುಹೋಗಿತ್ತು. ಕಾಲಿನ್ ಮೆಕೆಂಜಿ, ವಾಲ್ಟರ್ ಎಲಿಯಟ್ ಮೊದಲಾದವರು ರೈಸ್ ಅವರಿಗಿಂತ ಮುಂಚೆಯೇ ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದ್ದರು. ಬೌರಿಂಗ್ ಅವರು ಮೈಸೂರಿನ ಕಮಿಷನರಾಗಿದ್ದ ಕಾಲದಲ್ಲಿ, 1865ರಲ್ಲಿ, ಮೇಜರ್ ಡಿಕ್ಸನ್ ಎಂಬ ಅಧಿಕಾರಿ ಚಿತ್ರದುರ್ಗ, ದಾವಣಗೆರೆ, ಹರಿಹರ, ಬಳ್ಳಿಗಾವೆ ಮೊದಲಾದ ಕಡೆಗಳ ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಆ ಚಿತ್ರಗಳನ್ನು ಓದಿ ಅನುವಾದಿಸುವ ಕೆಲಸ ರೈಸ್ ಅವರ ಪಾಲಿಗೆ ಬಂದಿತು. ಅದರ ಫಲವೇ 1879ರಲ್ಲಿ ಹೊರಬಂದ ಮೈಸೂರು ಶಾಸನಗಳ ಗ್ರಂಥ.

ಛಾಯಾಚಿತ್ರವನ್ನು ನೋಡಿ ಶಾಸನ ಓದುವುದರ ಕಷ್ಟವನ್ನು ಅನುಭವಿಸಿದವರೇ ಬಲ್ಲರು. ಕಲ್ಲಿನ ಮುಂದೆ ನಿಂತವನು ಅಕ್ಷರ ತಿಳಿಯದಿದ್ದರೆ ಪಕ್ಕಕ್ಕೆ ಸರಿದು ನೋಡಬಹುದು. ಇಳಿಬಿಸಿಲು ಓರೆಯಾಗಿ ಬೀಳುವ ತನಕ ಕಾಯಬಹುದು. ಬೆರಳಿನಿಂದ ಗೆರೆಯನ್ನು ತಡವಿ ತಿಳಿಯಬಹುದು. ಚಿತ್ರದ ಮುಂದೆ ಕುಳಿತವನಿಗೆ ಈ ಯಾವ ಸೌಕರ್ಯವೂ ಇಲ್ಲ. ಕಂಡಷ್ಟು ಕಂಡಿತು, ಉಳಿದುದು ಇಲ್ಲ. ಕಂಡುದಕ್ಕೂ ಕಾಣದುದಕ್ಕೂ ನಡುವೆ ಗೆರೆ ಎಳೆಯಬೇಕಾದ ಸಂದರ್ಭ ಅವರಿಗೆ ಈ ಮೊದಲ ಗ್ರಂಥದಲ್ಲಿಯೇ ಒದಗಿತೆಂದು ನನ್ನ ಊಹೆ.

ಈ ನಡುವೆ, 1876ರಿಂದ 1878ರವರೆಗೆ, ಅವರು ಸಿದ್ಧಪಡಿಸಿದ ಮೈಸೂರು ಮತ್ತು ಕೊಡಗಿನ ಗೆಜೆಟಿಯರ್ ಪ್ರಕಟವಾಗಿತ್ತು. ಅದನ್ನು ಪರಿಷ್ಕರಿಸಿ 1897ರಲ್ಲಿ ಎರಡು ಸಂಪುಟಗಳಾಗಿ ಮತ್ತೆ ತಂದರು. 1884ರಲ್ಲಿ ಸರ್ಕಾರ ಅವರಿಗೆ ಸಿ. ಐ. ಇ. ಬಿರುದನ್ನು ನೀಡಿತು. ಪ್ರಾಚ್ಯ ಸಂಶೋಧನೆಯ ಹೊಣೆ ಮೊದಲು ಇತರ ಕೆಲಸಗಳ ಜೊತೆಗೆ ಅವರಿಗೆ ಅಂಟಿಕೊಂಡು, 1890ರಿಂದ ಪೂರ್ಣಾವಧಿಯ ಕೆಲಸವೇ ಆಯಿತು. ಆಗ ಅವರಿಗೆ ಐವತ್ತಮೂರು ವರ್ಷ. ಇತರರು ವಿಶ್ರಾಂತಿಯನ್ನು ಎದುರು ನೋಡುವ ವಯಸ್ಸಿನಲ್ಲಿ ಅವರ ಜೀವನದ ದೊಡ್ಡ ಕಾರ್ಯ ಭರದಿಂದ ಸಾಗಿತು.

ಎಪಿಗ್ರಾಫಿಯ ಕರ್ನಾಟಿಕ ಎಂಬ ಮಾಲೆಯ ಮೊದಲ ಸಂಪುಟ, ಕೊಡಗಿನ ಶಾಸನಗಳದು, 1886ರಲ್ಲಿ ಬಂದಿತ್ತು. ಎರಡನೆಯದು ಶ್ರವಣಬೆಳಗೊಳದ್ದು, 1889ರಲ್ಲಿ. ಅನಂತರ ಜಿಲ್ಲೆ ಜಿಲ್ಲೆಯಾಗಿ ಮುಂದುವರಿದು 1905ರ ವೇಳೆಗೆ ಹನ್ನೆರಡು ಸಂಪುಟಗಳು ಪೂರ್ತಿಯಾದವು. ಅವುಗಳಲ್ಲಿ ಅಡಗಿರುವ ಶಾಸನಗಳ ಸಂಖ್ಯೆ 8,869. ಒಬ್ಬ ಮನುಷ್ಯನ ಮೇಲ್ವಿಚಾರಣೆಯಲ್ಲಿ ಇಷ್ಟು ಕೆಲಸ ನಡೆಯಿತೆಂದರೆ ಇಂದಿಗೂ ನಂಬುವುದು ಕಷ್ಟ. ಸಹಾಯಕರ, ಪಂಡಿತರ, ಲಿಪಿಕಾರರ ದುಡಿಮೆ ಅದರ ಹಿಂದೆ ಇತ್ತೆಂಬುದನ್ನು ಮರೆಯಬಾರದು. ಕನ್ನಡ ಎಂ. ಎ. ಪರೀಕ್ಷೆಯಲ್ಲಿ ಮೊಟ್ಟಮೊದಲು ತೇರ್ಗಡೆಯಾದ ಆರ್. ನರಸಿಂಹಾಚಾರ್ಯರು 1899ರಲ್ಲಿ ಅವರ ಸಹಾಯಕರಾಗಿ ಬಂದರು.

ನಮ್ಮ ಸೀಮೆಯವರು ಈ ಸಂಪುಟಗಳಲ್ಲಿ ತಮ್ಮ ಊರನ್ನು ಹುಡುಕುವಾಗ ಸ್ವಲ್ಪ ಎಚ್ಚರ ಬೇಕು. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ರೈಸ್ ಅವರ ಕಾಲದಲ್ಲಿ ಅದು ಇರಲಿಲ್ಲ. ಚನ್ನಗಿರಿ ಮತ್ತು ಹೊನ್ನಾಳಿಗಳು ಆಗ ಶಿವಮೊಗ್ಗ ಜಿಲ್ಲೆಯವು. ಅವುಗಳ ಶಾಸನಗಳು 1902ರ ಏಳನೆಯ ಸಂಪುಟದಲ್ಲಿವೆ. ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದರಿಂದ ಹನ್ನೊಂದನೆಯ ಸಂಪುಟದಲ್ಲಿದೆ. ನ್ಯಾಮತಿ ಪ್ರತ್ಯೇಕ ತಾಲ್ಲೂಕಾದದ್ದು ಈಚಿನ ವರ್ಷಗಳಲ್ಲಿ. ಅದರ ಹಳ್ಳಿಗಳನ್ನು, ಸಿಂದರ ಬೆಳಗುತ್ತಿಯೂ ಸೇರಿದಂತೆ, ಹೊನ್ನಾಳಿಯ ಕೆಳಗೆ ಹುಡುಕಬೇಕು. ತಾಲ್ಲೂಕಿನ ಹೆಸರು, ಅದರ ಮುಂದೆ ಅನುಕ್ರಮ ಸಂಖ್ಯೆ, ಇಷ್ಟರಿಂದ ಪ್ರತಿಯೊಂದು ಕಲ್ಲಿಗೂ ಒಂದು ವಿಳಾಸ ದೊರೆಯಿತು. ಪ್ರತಿ ಶಾಸನವೂ ಕನ್ನಡ ಲಿಪಿಯಲ್ಲಿ ಒಮ್ಮೆ, ರೋಮನ್ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅನುವಾದದಲ್ಲಿ ಒಮ್ಮೆ, ಹೀಗೆ ಮೂರು ರೂಪಗಳಲ್ಲಿ ಸಂಪುಟದಲ್ಲಿ ಬರುತ್ತದೆ.

ಈ ರೂಪಗಳಲ್ಲಿ ನನ್ನ ಕಣ್ಣನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸುವುದು ಆ ಚುಕ್ಕಿಗಳು. ಕಲ್ಲು ಒಡೆದ, ಸವೆದ ಕಡೆಗಳಲ್ಲಿ ಒಂದು ಸಾಲು ಚುಕ್ಕಿ. ಕೆಲವೊಮ್ಮೆ ಎರಡು ಮೂರು, ಕೆಲವೊಮ್ಮೆ ಸಾಲಿನ ಅರ್ಧಕ್ಕೂ ಮಿಕ್ಕು. ಇನ್ನು ಕೆಲವೆಡೆ ಮುಂದಿನ ಭಾಗ ಅಳಿಸಿಹೋಗಿದೆಯೆಂಬ ಸೂಚನೆ. ಆ ಒಂದೊಂದು ಚುಕ್ಕಿಯ ಹಿಂದೆಯೂ ಹಳ್ಳಿಯ ಬಾಳಿನ ಒಂದೊಂದು ಕಥೆಯಿದೆ. ಯಾರೋ ಕುಡುಗೋಲು ಮಸೆದರು. ಯಾರೋ ಬಟ್ಟೆ ಒಗೆದರು. ಯಾರೋ ಕಲ್ಲನ್ನು ಸೀಳಿ ಬಾವಿಯ ಮೆಟ್ಟಿಲಿಗೆ ಹಾಕಿದರು. ನಿಧಿಯಿದೆಯೆಂಬ ಆಸೆಯಿಂದ ಯಾರೋ ಬುಡ ಅಗೆದು ಕೆಡವಿದರು. ಯಾರೂ ಏನೂ ಮಾಡದಿದ್ದರೆ ಬಿಸಿಲು ಮಳೆಗಳು ಆ ಕೆಲಸವನ್ನು ಮಾಡಿದುವು.

ಇಂಗ್ಲಿಷ್ ಬರವಣಿಗೆಯಲ್ಲಿ ಈ ಚಿಹ್ನೆಗೆ ಎಲಿಪ್ಸಿಸ್ ಎಂದು ಹೆಸರು. ಕೊರತೆ ಬೀಳುವುದು ಎಂಬ ಅರ್ಥದ ಗ್ರೀಕ್ ಪದದಿಂದ ಬಂದುದು. 1588ರಲ್ಲಿ ಮಾರಿಸ್ ಕಿಫಿನ್ ಎಂಬಾತನು ಟೆರೆನ್ಸ್ ಕವಿಯ ಆಂಡ್ರಿಯ ನಾಟಕವನ್ನು ಇಂಗ್ಲಿಷಿಗೆ ತಂದಾಗ, ಪಾತ್ರದ ಮಾತು ನಡುವೆ ತುಂಡಾಗುವ ಕಡೆ ಚಿಕ್ಕ ಗೆರೆಗಳನ್ನು ಸಾಲಾಗಿ ಹಾಕಿದ್ದನು. ಗೆರೆಗಳು ಬರಬರುತ್ತಾ ಚುಕ್ಕಿಗಳಾದವು. ಇಂದಿನ ಕ್ರಮದಲ್ಲಿ ಚುಕ್ಕಿಗಳು ಮೂರು. ವಾಕ್ಯ ಮುಗಿದ ಮೇಲೆ ಏನನ್ನಾದರೂ ಬಿಟ್ಟಿದ್ದರೆ, ಪೂರ್ಣವಿರಾಮವೂ ಸೇರಿ ನಾಲ್ಕಾಗುವುದನ್ನು ಅನೇಕ ಕೈಪಿಡಿಗಳು ವಿಧಿಸುತ್ತವೆ. ಬಿಟ್ಟದ್ದು ಒಂದು ಪದವಾಗಲಿ ಒಂದು ಪುಟವಾಗಲಿ ಈ ಲೆಕ್ಕ ಬದಲಾಗುವುದಿಲ್ಲ. ಶಾಸನಪಾಠದ ಚುಕ್ಕಿಗಳು ಹಾಗಲ್ಲ. ಎಷ್ಟು ಅಕ್ಷರಗಳು ಹೋಗಿವೆಯೆಂಬುದರ ಅಂದಾಜನ್ನೂ ಅವು ಕೊಡುತ್ತವೆ. ಇಂಗ್ಲಿಷಿನ ಮೂರು ಚುಕ್ಕಿಗಳು ಇಲ್ಲಿ ಏನೋ ಇತ್ತೆಂದು ಮಾತ್ರ ಹೇಳಿದರೆ, ಶಾಸನದ ಚುಕ್ಕಿಗಳು ಇಷ್ಟು ಇತ್ತೆಂದು ಅಳೆದು ತೋರಿಸುತ್ತವೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಭೇದವಿದೆ. ಮಾತು ಕಾಣೆಯಾಗುವುದು ಮೂರು ಬಗೆಯಲ್ಲಿ. ಹೇಳುವವನೇ ನಡುವೆ ನಿಲ್ಲಿಸುವುದು ಒಂದು. ಕಥೆ ಕಾದಂಬರಿಗಳಲ್ಲಿ ಇದನ್ನು ಕಾಣುತ್ತೇವೆ. ಕಾಲ ಅಳಿಸುವುದು ಇನ್ನೊಂದು. ಉದ್ಧರಿಸುವವನು ತನಗೆ ಬೇಡವೆಂದು ಬಿಡುವುದು ಮೂರನೆಯದು. ಮೂರಕ್ಕೂ ಒಂದೇ ಬಗೆಯ ಚುಕ್ಕಿಗಳನ್ನು ಹಾಕಿದರೆ ಓದುಗನಿಗೆ ಬಿಟ್ಟವರು ಯಾರೆಂಬುದು ತಿಳಿಯುವುದಿಲ್ಲ. ಆದುದರಿಂದಲೇ ಎಚ್ಚರದ ಲೇಖಕರು ತಾವು ಬಿಟ್ಟದ್ದನ್ನು ಸೂಚಿಸುವ ಚುಕ್ಕಿಗಳನ್ನು ಚೌಕಕಂಸದೊಳಗೆ ಇಡುತ್ತಾರೆ. ರೈಸ್ ಅವರು ಅನುವಾದದಲ್ಲಿ ರಾಜರ ಬಿರುದುಗಳ ಉದ್ದನೆಯ ಸಾಲುಗಳನ್ನೂ, ಕೊನೆಯಲ್ಲಿ ಮತ್ತೆ ಮತ್ತೆ ಬರುವ ಶಾಪಶ್ಲೋಕಗಳನ್ನೂ ಅನೇಕ ಸಲ ಬಿಡುತ್ತಿದ್ದರು. ಸಾವಿರಾರು ಶಾಸನಗಳಲ್ಲಿ ಅದನ್ನೇ ಬರೆಯುವುದು ಸಾಧ್ಯವಿರಲಿಲ್ಲ. ಆದರೆ ಅಲ್ಲಿ ಎಂದಿನ ಬಿರುದುಗಳಿವೆ, ಎಂದಿನ ಶ್ಲೋಕಗಳಿವೆ ಎಂದು ಕಂಸದಲ್ಲಿ ತಿಳಿಸುತ್ತಿದ್ದರು. ಕಲ್ಲು ಕಳೆದುಕೊಂಡದ್ದು ಬೇರೆ, ತಾವು ಬಿಟ್ಟದ್ದು ಬೇರೆ ಎಂಬ ವಿವೇಕ ಅದು.

ಈ ವಿವೇಕ ಕನ್ನಡದಲ್ಲಿ ಬರೆಯುವವರಿಗೆ ಇಂಗ್ಲಿಷಿನವರಿಗಿಂತಲೂ ಹೆಚ್ಚು ಬೇಕು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಯಲ್ಲಿ ಬರುತ್ತದೆ. ಇಲ್ಲ, ಅಲ್ಲ, ಬಾರದು, ಲಾರದು ಎಂಬ ನಿಷೇಧವೂ ಅಲ್ಲಿಯೇ. ಈ ಕವಿಯ ಭಾಷೆ ಸೊಗಸಾಗಿದೆಯೆಂದು ಒಪ್ಪಲಾಗದು ಎಂದು ನಾನು ಬರೆದೆನೆನ್ನಿ. ಸೊಗಸಾಗಿದೆ ಎಂಬಲ್ಲಿಗೆ ನಿಲ್ಲಿಸಿ ಮುಂದೆ ಮೂರು ಚುಕ್ಕಿ ಹಾಕಿದರೆ ನನ್ನ ನಿಂದೆಯೇ ಸ್ತುತಿಯಾಗುತ್ತದೆ! ಶಾಸನಗಳಲ್ಲಿಯೂ ಹಾಗೆಯೇ. ಸಾಲಿನ ಕೊನೆ ಒಡೆದರೆ ದತ್ತಿ ಕೊಟ್ಟನೋ ಪಡೆದನೋ, ಕಾದಿ ಗೆದ್ದನೋ ಸತ್ತನೋ ತಿಳಿಯದು.

ಹಾಗಾದರೆ ಬಿಟ್ಟ ಸ್ಥಳವನ್ನು ಎಂದಿಗೂ ತುಂಬಬಾರದೆ? ತುಂಬಬಹುದು, ಆಧಾರ ಬೇಕು, ತುಂಬಿದ್ದೇನೆಂಬ ಗುರುತು ಬೇಕು. ಶಾಸನದಲ್ಲಿ ಪದ್ಯವಿದ್ದರೆ ಛಂದಸ್ಸು ನೆರವಿಗೆ ಬರುತ್ತದೆ. ಹೋಗಿರುವ ಅಕ್ಷರ ಲಘುವೋ ಗುರುವೋ ಎಂಬುದನ್ನು ಗಣ ತಿಳಿಸುತ್ತದೆ. ನಮ್ಮ ಕವಿಗಳು ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸವಿಡುವವರಾದ್ದರಿಂದ, ಒಂದು ಪಾದದಲ್ಲಿ ಆ ಅಕ್ಷರ ನಷ್ಟವಾದರೂ ಉಳಿದ ಪಾದಗಳು ಅದರ ವ್ಯಂಜನ ಯಾವುದೆಂಬುದನ್ನು ತಿಳಿಸಿಕೊಡುತ್ತವೆ. ಅದೇ ಪಾಠ ಇನ್ನೊಂದು ಕಲ್ಲಿನಲ್ಲಿ ದೊರೆತರೆ ಅದಕ್ಕಿಂತ ಬಲವಾದ ಆಧಾರ ಬೇರಿಲ್ಲ.

ಅಂಥ ಭಾಗ್ಯ ರೈಸ್ ಅವರಿಗೆ ಒಮ್ಮೆ ಒದಗಿತು. 1892ರಲ್ಲಿ ಅವರು ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದರು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಹೀಗೆ ಹತ್ತಿರ ಹತ್ತಿರದ ಮೂರು ಸ್ಥಳಗಳು. ಮೌರ್ಯ ಚಕ್ರವರ್ತಿಯ ಆಜ್ಞೆ ಕನ್ನಡ ನಾಡಿನವರೆಗೆ ನಡೆದಿತ್ತೆಂಬುದು ಆ ದಿನ ಖಚಿತವಾಯಿತು. ಜಟಿಂಗ ರಾಮೇಶ್ವರದ ಬಂಡೆಗೆ ಜನರು ಇಟ್ಟ ಹೆಸರು ಬಳೆಗಾರರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆ ಅಂಗಡಿ ಹೂಡುತ್ತಿದ್ದರು. ಹೀಗಾಗಿ ಅಲ್ಲಿನ ಬರಹ ಬಹಳವಾಗಿ ಸವೆದಿದೆ. ಆದರೆ ಅದೇ ಆಜ್ಞೆ ಬ್ರಹ್ಮಗಿರಿಯಲ್ಲಿ ಉಳಿದುಕೊಂಡಿರುವುದರಿಂದ, ಬಳೆಗಾರರ ಗುಂಡಿನಲ್ಲಿ ಏನಿತ್ತೆಂಬುದನ್ನು ಹೇಳಬಹುದು. ಬರೆದವನು ಚಪಡನೆಂಬ ಲಿಪಿಕಾರ. ತನ್ನ ವೃತ್ತಿಯ ಹೆಸರನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದುಕೊಂಡಿದ್ದಾನೆ. ಎರಡು ಸಾವಿರ ವರ್ಷಗಳ ಮೇಲೂ ಅವನ ಹೆಸರು ನಮಗೆ ಗೊತ್ತು. ನಮ್ಮೂರಿನ ವೀರನ ಹೆಸರು ಗೊತ್ತಿಲ್ಲ. ಕಲ್ಲಿನ ನ್ಯಾಯ ಹೀಗಿರುತ್ತದೆ.

ರೈಸ್ ಅವರು ಎಡವಲಿಲ್ಲವೆಂದು ನಾನು ಹೇಳುತ್ತಿಲ್ಲ. ಅವರ ಕೆಲವು ಪಾಠಗಳು ತಪ್ಪೆಂದು ಮುಂದೆ ಕಂಡುಬಂದಿವೆ. ಅವರ ಸಮಕಾಲೀನರಾದ ಫ್ಲೀಟ್ ಅವರು ಗಂಗರ ತಾಮ್ರಪಟಗಳ ವಿಚಾರದಲ್ಲಿ ಅವರನ್ನು ಕಟುವಾಗಿ ವಿರೋಧಿಸಿದರು. ಅವುಗಳಲ್ಲಿ ಹಲವು ಕೂಟಶಾಸನಗಳೆಂಬುದು ಫ್ಲೀಟರ ವಾದ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪ್ರಸಿದ್ಧ ಶಾಸನದಲ್ಲಿ ಬರುವ ಪ್ರಭಾಚಂದ್ರನೇ ಚಂದ್ರಗುಪ್ತ ಮೌರ್ಯನೆಂದು ರೈಸ್ ಅವರು ನಂಬಿದ್ದರು. ಅದನ್ನೂ ಫ್ಲೀಟರು ಒಪ್ಪಲಿಲ್ಲ. ಅಕ್ಷರಗಳ ನಡುವಿನ ಬಿರುಕಿನಲ್ಲಿ ಚುಕ್ಕಿಯಿಟ್ಟ ಕೈ, ಇತಿಹಾಸದ ನಡುವಿನ ಬಿರುಕನ್ನು ಊಹೆಯಿಂದ ತುಂಬಿತು. ನಂಬಬೇಕೆಂಬ ಬಯಕೆ ಎಷ್ಟು ಬಲವಾದುದು ನೋಡಿ!

ಆದರೆ ಒಂದು ಮಾತನ್ನು ಗಮನಿಸಬೇಕು. ಅವರು ತಪ್ಪಾಗಿ ಓದಿದ ಕಡೆಗಳಲ್ಲಿ ಮುಂದಿನವರು ಕಟ್ಟಿದ್ದನ್ನು ಕೆಡವಿ ಮತ್ತೆ ಕಟ್ಟಬೇಕಾಯಿತು. ಚುಕ್ಕಿಯಿಟ್ಟ ಕಡೆಗಳಲ್ಲಿ ಕೆಡವುವ ಕೆಲಸವಿರಲಿಲ್ಲ. ಹೊಸ ಬೆಳಕು ಬಂದಾಗ ನೇರವಾಗಿ ಮುಂದುವರಿಯಬಹುದಾಗಿತ್ತು. ಅವರ ಸ್ಥಾನಕ್ಕೆ 1906ರಲ್ಲಿ ಬಂದ ನರಸಿಂಹಾಚಾರ್ಯರು ಶ್ರವಣಬೆಳಗೊಳದ ಸಂಪುಟವನ್ನು ಪರಿಷ್ಕರಿಸಿ 1923ರಲ್ಲಿ ಪ್ರಕಟಿಸಿದರು. ರೈಸ್ ಅವರ 144 ಶಾಸನಗಳು 500 ಆದವು. 1970ರ ದಶಕದಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಇಡೀ ಮಾಲೆಯ ಪರಿಷ್ಕರಣಕ್ಕೆ ಕೈಹಾಕಿತು. ಗ್ರಂಥಸಂಪಾದನೆಯ ಶಾಸ್ತ್ರವನ್ನು ಡಿ. ಎಲ್. ನರಸಿಂಹಾಚಾರ್ಯರು 1964ರಲ್ಲಿ ಕನ್ನಡದಲ್ಲಿ ಗ್ರಂಥರೂಪಕ್ಕೆ ತಂದರು. ಹೊರಗಿನ ಲೋಕದಲ್ಲಿಯೂ, ನಷ್ಟವಾದುದಕ್ಕೆ ಯಾವ ಗುರುತು, ಊಹಿಸಿ ತುಂಬಿದ್ದಕ್ಕೆ ಯಾವ ಗುರುತು ಎಂಬ ವಿಷಯದಲ್ಲಿ ವಿದ್ವಾಂಸರು ಹಾಲೆಂಡಿನ ಲೈಡನ್ ನಗರದಲ್ಲಿ ಸೇರಿ ಒಮ್ಮತಕ್ಕೆ ಬಂದದ್ದು 1931ರಲ್ಲಿ.

ಅದನ್ನು ನೋಡಲು ರೈಸ್ ಅವರು ಇರಲಿಲ್ಲ. 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದ ಅವರು, ತಾವು ಸಂಗ್ರಹಿಸಿದ ಸಾವಿರಾರು ಶಾಸನಗಳ ಸಾರವನ್ನು ಹಿಂಡಿ ಮೈಸೂರು ಮತ್ತು ಕೊಡಗಿನ ಇತಿಹಾಸವನ್ನು ಬರೆದು 1909ರಲ್ಲಿ ಪ್ರಕಟಿಸಿದರು. 1927ರ ಜುಲೈ 10ರಂದು ಹ್ಯಾರೋ ಊರಿನಲ್ಲಿ ತೀರಿಕೊಂಡರು. ತೊಂಬತ್ತು ತುಂಬಲು ಒಂದು ವಾರ ಉಳಿದಿತ್ತು. ಕದಂಬರು, ಗಂಗರು, ನೊಳಂಬರು, ಚಾಳುಕ್ಯರು, ಹೊಯ್ಸಳರು ಎಂದು ಇಂದು ನಮ್ಮ ಮಕ್ಕಳು ಬಾಯಿಪಾಠ ಮಾಡುವ ವಂಶಾವಳಿಗಳ, ಕವಿಗಳ ಕಾಲನಿರ್ಣಯಗಳ ಬಹುಭಾಗ ನಿಂತಿರುವುದು ಆ ಹನ್ನೆರಡು ಸಂಪುಟಗಳ ಮೇಲೆ.

ಇನ್ನು ನನ್ನ ತಪ್ಪಿನ ಕಥೆಯನ್ನು ಮುಗಿಸಬೇಕು. ಅಚ್ಚಾದ ಲೇಖನವನ್ನು ಯಾರೂ ಓದಲಾರರೆಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಆದರೆ ಆ ಹಳ್ಳಿಯಲ್ಲಿ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಜಾತ್ರೆಯಲ್ಲಿ ಮೊದಲ ತಾಂಬೂಲ ಯಾವ ಮನೆಗೆ ಸಲ್ಲಬೇಕೆಂದು ಎರಡು ಮನೆತನಗಳ ನಡುವೆ ವ್ಯಾಜ್ಯ ಹುಟ್ಟಿದಾಗ, ಒಂದು ಕಡೆಯವರು ನನ್ನ ಲೇಖನವನ್ನು ಊರ ಹಿರಿಯರ ಮುಂದೆ ಹಿಡಿದರು. ಕಲ್ಲಿನಲ್ಲಿಯೇ ನಮ್ಮ ಹಿರಿಯನ ಹೆಸರಿದೆ, ಕಾಲೇಜಿನ ಮೇಷ್ಟರೇ ಓದಿದ್ದಾರೆ ಎಂಬುದು ಅವರ ವಾದ. ನನ್ನನ್ನು ಕರೆಸಿದರು. ರೈಸ್ ಅವರ ಸಂಪುಟದ ಆ ಪುಟದ ಪ್ರತಿಯನ್ನು ತೆಗೆದುಕೊಂಡು ಹೋದೆ.

ದೇವಸ್ಥಾನದ ಕಟ್ಟೆಯ ಮೇಲೆ ಕುಳಿತವರ ಮುಂದೆ, ಆ ಹೆಸರನ್ನು ಓದಿದವನು ನಾನಲ್ಲ, ಸೇರಿಸಿದವನು ನಾನು ಎಂದು ಒಪ್ಪಿಕೊಂಡೆ. ಕಲ್ಲಿನ ಹತ್ತಿರಕ್ಕೆ ಎಲ್ಲರನ್ನೂ ಕರೆದುಕೊಂಡು ಹೋಗಿ ಚಕ್ಕೆ ಎದ್ದ ಜಾಗವನ್ನೂ ಅಚ್ಚಿನಲ್ಲಿರುವ ಚುಕ್ಕಿಗಳನ್ನೂ ತೋರಿಸಿದೆ. ಅಂದು ನನಗೆ ಹೆಸರು ಹೇಳಿದ್ದ ಹಿರಿಯರು ಬಹಳ ಹೊತ್ತು ಕಲ್ಲನ್ನೇ ನೋಡುತ್ತಿದ್ದರು. ಹಾಗಾದರೆ ಅಲ್ಲಿ ಏನೂ ಇಲ್ಲವೇ ಎಂದು ಕೇಳಿದರು. ಆ ಮಾತಿನಲ್ಲಿ ಕೋಪವಿರಲಿಲ್ಲ. ಮನೆಯ ಹಿರಿಯನೊಬ್ಬನನ್ನು ಎರಡನೆಯ ಸಲ ಕಳೆದುಕೊಂಡವರ ನೋವಿತ್ತು. ಆ ನೋವನ್ನು ತಂದವನು ನಾನೇ.

ಆಗ ನನಗೆ ನೆನಪಿಗೆ ಬಂದದ್ದು ನಾನು ವರ್ಷವರ್ಷವೂ ತರಗತಿಯಲ್ಲಿ ಹೇಳುವ ಲೋಪಸಂಧಿ. ಮಾತು ಮತ್ತು ಇಲ್ಲ ಸೇರಿದರೆ ಮಾತಿಲ್ಲ ಎಂದಾಗುತ್ತದೆ. ನಡುವಣ ಉಕಾರ ಲೋಪವಾಯಿತು ಎನ್ನುತ್ತೇವೆ. ಲೋಪವೆಂದರೆ ಇಲ್ಲದಿರುವುದಲ್ಲ, ಕಾಣದಿರುವುದು ಎಂದು ಪಾಣಿನಿ ಮಹರ್ಷಿ ವಿವರಿಸಿದ್ದಾನೆ. ಇತ್ತು, ಈಗ ಕಾಣುತ್ತಿಲ್ಲ. ಆ ಹಿರಿಯರಿಗೂ ನಾನು ಅಷ್ಟನ್ನೇ ಹೇಳಿದೆ. ಇಲ್ಲಿ ಒಂದು ಹೆಸರು ನಿಶ್ಚಯವಾಗಿ ಇತ್ತು, ಮೂರು ಅಕ್ಷರಗಳ ಹೆಸರು. ಅದು ನಿಮ್ಮ ಹಿರಿಯನದೇ ಆಗಿದ್ದರೂ ಇರಬಹುದು, ಆದರೆ ಕಲ್ಲು ಅದನ್ನು ಹೇಳುತ್ತಿಲ್ಲ. ಕಲ್ಲು ಹೇಳದ ಮಾತನ್ನು ಅದರ ಬಾಯಲ್ಲಿ ನಾನು ಹಾಕಬಾರದಾಗಿತ್ತು ಎಂದೆ. ತಾಂಬೂಲದ ತೀರ್ಮಾನವನ್ನು ಊರವರು ತಮ್ಮ ರೀತಿಯಲ್ಲಿ ಮಾಡಿಕೊಂಡರು. ಅದಕ್ಕೆ ನನ್ನ ಲೇಖನವನ್ನಂತೂ ಆಧಾರ ಮಾಡಿಕೊಳ್ಳಲಿಲ್ಲ.

ಹಿಂದಿರುಗಿ ಬಂದು ತಿದ್ದುಪಡಿಯೊಂದನ್ನು ಬರೆದು ಅಚ್ಚು ಮಾಡಿಸಿದೆ. ಹೆಸರಿದ್ದ ಕಡೆ ಮೂರು ಚುಕ್ಕಿಗಳನ್ನು ಇಟ್ಟೆ. ಇಷ್ಟು ವರ್ಷಗಳಲ್ಲಿ ನಾನು ಬರೆದು ಅಚ್ಚಾದ ಮಾತುಗಳಲ್ಲಿ ಅಷ್ಟು ನಿಶ್ಚಿಂತೆಯಿಂದ ರುಜು ಹಾಕಬಲ್ಲುದು ಬೇರೊಂದಿಲ್ಲ.